ಡ್ರಮ್ಮಿನಲ್ಲಿ ಹುರುಳಿ

ಎಂಬತ್ತರ ದಶಕದ ಆರಂಭದಲ್ಲಿ ಹೊಸೂರಿನ ನಮ್ಮ ಬ್ಯಾಂಡಿಗೆ ನಾನು ರಾಕ್ ಗಾಯಕ. ಗಾಯಕ ಎಂಬುದು ನನ್ನ ಮಾತು. ಅಪ್ಪ ಕಿರುಚುವವ ಎನ್ನುತ್ತಿದ್ದರು. ಹಿಂದೆ ಕೂತು ಡ್ರಮ್ ಬಾರಿಸುತ್ತಿದ್ದವನು ಬಾಗಲೂರಿನ ಸೋದರಮಾವನ ಮಗ. ಹಾಡಿನಲ್ಲಿ ನನಗೆ ಎಲ್ಲಿ ಉಸಿರು ಸಾಲುವುದಿಲ್ಲ ಎಂಬುದು ನನಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು. ಅಲ್ಲೊಂದು ಜೋರು ಏಟು ಹಾಕಿ ನನ್ನ ಮಾನ ಉಳಿಸುತ್ತಿದ್ದ.

ಆಮೇಲೆ ಬೆಂಗಳೂರಿನಿಂದ ಹೊಸ ಬಗೆಯ ಇಂಗ್ಲಿಷ್ ಹಾಡುಗಳ ಒಂದು ಕ್ಯಾಸೆಟ್ ಬಂತು. ನ್ಯೂ ವೇವ್ ಅಂತೆ, ಸಿಂಥ್‌ಪಾಪ್ ಅಂತೆ. ಯಂತ್ರವೇ ತಾಳ ಹಾಕುತ್ತದೆ. ಹಾಡುವವನ ದನಿಯಲ್ಲಿ ಸುಖವೂ ಇಲ್ಲ, ದುಃಖವೂ ಇಲ್ಲ. ನನಗೆ ಹುಚ್ಚೇ ಹಿಡಿಯಿತು. ಭುಜದವರೆಗಿದ್ದ ಕೂದಲನ್ನು ಒಂದೇ ಪಕ್ಕ ಕತ್ತರಿಸಿಕೊಂಡೆ. ತಾಳದ ಗುಂಡಿಗಳಿದ್ದ ಹಳೇ ಕೀಬೋರ್ಡ್ ತಂದೆ. ಮಾವನ ಮಗನಿಗೆ, "ಇನ್ಮೇಲೆ ಡ್ರಮ್ ಬ್ಯಾಡ ಕಣ್ಲಾ, ಈ ಡಬ್ಬಾನೇ ಬಾರಿಸ್ತದೆ" ಎಂದುಬಿಟ್ಟೆ.

ಅವನು ಡ್ರಮ್ಮುಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಊರಿಗೆ ಹೋದ. ನನ್ನ ಜೊತೆ ಮಾತೂ ಬಿಟ್ಟ. ತಿಂಗಳೊಳಗೆ ಅತ್ತೆ ದೊಡ್ಡ ಡ್ರಮ್ಮಿನ ಒಂದು ಪಕ್ಕ ಬಿಚ್ಚಿ ಹುರುಳಿಕಾಳು ತುಂಬಿಟ್ಟಿದ್ದಾರೆಂದು ಸುದ್ದಿ ಬಂತು. ಎಲ್ಲರೆದುರು ನಕ್ಕೆ. ಒಳಗೊಳಗೆ ಸಂಕಟವಾಯಿತು.

ಅದೇ ವರ್ಷ ಸೂಳಗಿರಿಯ ಛತ್ರದಲ್ಲಿ ತಂಗಿಯ ಮದುವೆ. ಮುಹೂರ್ತದ ಹೊತ್ತಾದರೂ ಓಲಗದವರ ಸುಳಿವಿಲ್ಲ. ಅವರ ಬಸ್ಸು ಕೃಷ್ಣಗಿರಿ ದಾಟಿ ಕೆಟ್ಟು ನಿಂತಿತ್ತು. ತಾಳಿ ಕಟ್ಟುವಾಗ ಸೀನು ಗೀನು ಯಾರ ಕಿವಿಗೂ ಬೀಳಬಾರದೆಂದೇ ಅಲ್ಲವೇ ಗಟ್ಟಿಮೇಳ? ಅಪ್ಪ ಸಿಡುಕಿದರು. "ನಿನ್ ಡಬ್ಬಾನಾದ್ರೂ ಬಾರ್ಸ್ಲಾ!"

ಹಿಂದಿನ ಸಂಜೆಯ ಆರತಕ್ಷತೆಗೆ ತಂದಿದ್ದ ಕೀಬೋರ್ಡಿನ ಮುಂದೆ ಎದೆಯುಬ್ಬಿಸಿ ನಿಂತೆ. ಪುರೋಹಿತರು ಬೆರಳೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದರು. ಗುಂಡಿ ಒತ್ತಿದೆ. ಟಿಕ್, ಟಿಕ್, ಟುಸ್. ಇನ್ನೊಂದು ಒತ್ತಿದೆ. ಟಿಕ್, ಟುಸ್, ಟಿಕ್. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ವರನ ದೊಡ್ಡಪ್ಪ, ಆಗತಾನೇ ನಸ್ಯ ಏರಿಸಿದ್ದವರು, ಬಾಯಿ ತೆರೆದು ಮುಖ ಮೇಲೆತ್ತಿದರು. ಅಮ್ಮ ಕಣ್ಣು ಮುಚ್ಚಿಕೊಂಡಳು.

ಊಟದ ಮನೆಯ ಬಾಗಿಲಿನಿಂದ ಢಮಢಮ ಎಂದು ಸಿಡಿಲು ಬಡಿಯಿತು. ಮಾವನ ಮಗ ಅನ್ನದ ಖಾಲಿ ಕೊಳಗ ಬೋರಲು ಹಾಕಿಕೊಂಡು ಎರಡು ಸೌಟಿನಲ್ಲಿ ಬಡಿಯುತ್ತಿದ್ದ. ತಂಗಿಯ ಕೊರಳಿಗೆ ತಾಳಿ ಬಿತ್ತು. ದೊಡ್ಡಪ್ಪನವರು ಸೀನಿದರೋ ಇಲ್ಲವೋ, ಅವರಿಗೇ ಗೊತ್ತಾಗಲಿಲ್ಲ. ಅಕ್ಷತೆ ಬಂದು ನನ್ನ ಕೀಬೋರ್ಡಿನ ಸಂದಿಗಳಲ್ಲಿ ಸೇರಿಕೊಂಡಿತು.

ಅವನು ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದಾಗ ಹಿಂದೆ ಹಿಂದೆ ಹೋದೆ.

"ತಪ್ಪಾಯ್ತು ಕಣ್ಲಾ. ವಾಪಸ್ ಬಾ."

"ನಿನ್ ಡಬ್ಬಕ್ಕೆ ಸೀನೋರ ಮೂತಿ ಕಾಣಿಸ್ತದೇನ್ಲಾ?"

"ಇಲ್ಲ."

ಅವನು ಇನ್ನೂ ನಾಲ್ಕು ಎಲೆಗೆ ಬಡಿಸಿ ತಿರುಗಿದ. "ಬತ್ತೀನಿ. ಆದ್ರೆ ಡ್ರಮ್ ಖಾಲಿ ಆಗ್ಬೇಕಲ್ಲ. ಅವ್ವ ಆ ಹುರುಳೀನ ಬ್ಯಾರೆ ಎಲ್ಲೂ ಸುರಿಯಾಕೆ ಬಿಡಾಕಿಲ್ಲ."

ಮರುದಿನದಿಂದ ಸಂಜೆಯ ಬಸ್ಸಿಗೆ ಬಾಗಲೂರಿಗೆ ಹೋಗಿ, ಅವನ ಪಕ್ಕದಲ್ಲಿ ಕೂತು, ಎರಡು ತಿಂಗಳು ಹುರುಳಿ ಸಾರು ಉಂಡೆ.