ಪಿಕಪ್ಪಿನ ಕಿಂಡಿಗೆ ಹೊಸ್ತಿಲು

ನಮ್ಮಣ್ಣನಿಗೆ ಮಡಿಯ ಮೇಲೆ ಭಾರೀ ಭಕ್ತಿ. ಆದರೆ ಆ ಮಡಿಯನ್ನು ಅವನು ಎಂದೂ ತನ್ನ ಮೈಮೇಲೆ ಹೊತ್ತವನಲ್ಲ. ಹೊರಿಸಿದ್ದು ನನ್ನ ಮೇಲೆ. ಗಂಡ ತೀರಿಹೋದ ಮೇಲೆ ನಾನು ಬೈಲಹೊಂಗಲದ ತವರುಮನೆಗೆ ಬಂದೆ. ಅಜ್ಜ ಪೌರೋಹಿತ್ಯ ಮಾಡಿದವರು, ಅಪ್ಪ ಸಂಸ್ಕೃತ ಪಾಠ ಹೇಳಿದವರು. ಅಣ್ಣನಿಗೆ ಎರಡೂ ಬರಲಿಲ್ಲ, ಎರಡರ ಜಂಬ ಮಾತ್ರ ಬಂತು. ಅದನ್ನೇ ಬಂಡವಾಳ ಮಾಡಿಕೊಂಡು ಅವನು ಮಡಿ ಅಡುಗೆಯ ಧಂದೆ ಶುರು ಮಾಡಿದ.

ಈಗ ಯಾರ ಮನೆಯಲ್ಲೂ ಮಡಿಯುಟ್ಟು ಶ್ರಾದ್ಧದ ಅಡುಗೆ ಮಾಡುವವರಿಲ್ಲ. ಸೊಸೆಯಂದಿರು ಬ್ಯಾಂಕಿಗೆ, ಶಾಲೆಗೆ ಹೋಗುತ್ತಾರೆ. ಹೋಗಲಿ, ಒಳ್ಳೆಯದೇ. ಆದರೆ ತೀರಿಹೋದ ಹಿರಿಯರಿಗೆ ಮಾತ್ರ ಮಡಿಯಲ್ಲಿ ಬೆಂದ ಅನ್ನವೇ ಬೇಕು. ಅದಕ್ಕೇ ಸವದತ್ತಿಯಿಂದ, ಕಿತ್ತೂರಿನಿಂದ, ರಾಮದುರ್ಗದಿಂದ ಅಣ್ಣನಿಗೆ ಫೋನು ಬರುತ್ತಿತ್ತು. ನಾನೂ ಅಣ್ಣನ ಹೆಂಡತಿ ವೈನಿಯೂ ಬೆಳಿಗ್ಗೆ ಸ್ನಾನ ಮಾಡಿ, ಮಡಿಸೀರೆಯುಟ್ಟು, ಅಡುಗೆ ಮಾಡುತ್ತಿದ್ದೆವು. ಅದನ್ನು ಒಂದು ಸಣ್ಣ ಪಿಕಪ್ ಗಾಡಿಯಲ್ಲಿ ಹೇರಿಕೊಂಡು ಹೋಗಿ ಶ್ರಾದ್ಧದ ಮನೆಗೆ ಮುಟ್ಟಿಸುವುದು ಅಣ್ಣನ ಪಾಲಿನ ಕೆಲಸ. ಆದರೆ ಅಡುಗೆ ಎಲೆಗೆ ಬೀಳುವ ತನಕ ಮಡಿಯಲ್ಲಿ ಇಲ್ಲದವರು ಪಾತ್ರೆ ಮುಟ್ಟುವಂತಿಲ್ಲ. ಹಾಗಾಗಿ ಮಡಿಯಲ್ಲಿದ್ದವರು ಒಬ್ಬರು ಪಾತ್ರೆಗಳ ಜೊತೆಗೇ ಹೋಗಬೇಕು, ಮಡಿಯಲ್ಲೇ ಇಳಿಯಬೇಕು. ಆ ಒಬ್ಬರು ನಾನು.

ಗಾಡಿಯ ಕ್ಯಾಬಿನ್ನಿನಲ್ಲಿ ಇದ್ದದ್ದು ಎರಡೇ ಸೀಟು. ಒಂದರಲ್ಲಿ ಡ್ರೈವರ್, ದೊಡವಾಡದ ಒಕ್ಕಲುತನದ ಮನೆಯವನು, ಮಾತು ಕಡಿಮೆ. ಇನ್ನೊಂದರಲ್ಲಿ ಅಣ್ಣ. ಹಿಂದೆ ಮಳೆ ಬಿಸಿಲಿಗೆಂದು ಹೊದಿಸಿದ ತಾಡಪತ್ರಿಯ ಕೆಳಗೆ ಸಾರಿನ ಡಬರಿ, ಪಾಯಸದ ಡಬರಿ, ಅನ್ನದ ಡಬರಿಗಳ ನಡುವೆ ಮಣೆ ಹಾಕಿಕೊಂಡು ನಾನು. ಅಣ್ಣ ದಾರಿಯಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿಯುತ್ತಿದ್ದ, ಭಜಿ ತಿನ್ನುತ್ತಿದ್ದ. ನನಗೆ ಗುಟುಕು ನೀರೂ ಇಲ್ಲ, ಹೋಟೆಲಿನ ನೀರು ಮಡಿಗೆ ಆಗುವುದಿಲ್ಲವಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನುತ್ತಾರೆ. ನಮ್ಮಣ್ಣ ಬದನೆಕಾಯಿಯ ಭಜಿಯನ್ನೇ ತಿಂದು, ಎಣ್ಣೆಯ ಕೈಯನ್ನು ನನ್ನ ತಾಡಪತ್ರಿಗೆ ಒರೆಸಿ ಮುಂದೆ ಹತ್ತುತ್ತಿದ್ದ.

ಕ್ಯಾಬಿನ್ನಿಗೂ ನನಗೂ ನಡುವೆ ಒಂದು ಪತ್ರಾದ, ಅಂದರೆ ತಗಡಿನ, ಗೋಡೆ, ಅದರಲ್ಲಿ ತೆಗೆಯಲು ಬಾರದ ಒಂದು ಗಾಜು. ಕಿರುಚಿದರೂ ಮುಂದಿನವರಿಗೆ ಕೇಳುತ್ತಿರಲಿಲ್ಲ. ಕಿತ್ತೂರಿಗೆ ಹೋಗುವಾಗ ಒಮ್ಮೆ ಗಾಡಿ ರಸ್ತೆಯ ಉಬ್ಬಿನ ಮೇಲೆ ಹಾರಿ ಬಿತ್ತು. ಸಾರಿನ ಡಬರಿಯ ಮುಚ್ಚಳ ಹಾರಿತು, ಕುದಿಕುದಿ ಸಾರು ನನ್ನ ಪಾದದ ಮೇಲೆ ಸುರಿಯಿತು. ಪತ್ರಾ ಬಡಿದೆ, ಕೂಗಿದೆ, ಅತ್ತೆ. ಮುಂದೆ ಹಾಡು ನಡೆದಿತ್ತು. ಕಿತ್ತೂರು ಮುಟ್ಟಿದ ಮೇಲೆ ತಾಡಪತ್ರಿ ಎತ್ತಿದ ಅಣ್ಣ ನನ್ನ ಕಾಲು ನೋಡಿದ, ಕಾಲಡಿಯ ಸಾರನ್ನೂ ನೋಡಿದ.

"ಡಬರಿ ಒಳಗ ಸಾರು ಎಷ್ಟು ಉಳದದ?" ಅಂದ.

ಆಮೇಲೆ ಪಾದದ ಬೊಕ್ಕೆ ಒಣಗುವ ತನಕ ಮನೆಯಲ್ಲಿ ಕೂತಿದ್ದಾಗ ನಾನು ಅವನಿಗೆ ಒಂದೇ ಮಾತು ಹೇಳಿದೆ: ಆ ಪತ್ರಾದ ಗೋಡೆಯಲ್ಲಿ ಒಂದು ಕಿಂಡಿ ಕೊರೆಸು. ಕರೆದರೆ ನಿಮಗೆ ಕೇಳಬೇಕು, ಹೆಚ್ಚುಕಡಿಮೆಯಾದರೆ ನಾನು ಹೊರಗೆ ಬರಬೇಕು. ಇಷ್ಟೇ. ಬಂಗಾರ ಕೇಳಲಿಲ್ಲ, ಸೀರೆ ಕೇಳಲಿಲ್ಲ.

"ಗಾಡಿ ಕೊಯ್ಯೋದು ಅಂದ್ರ ಏನ ಅಂತ ತಿಳದೀ? ಕುಂಬಳಕಾಯಿ ಏನದು?" ಅಂದ ಅಣ್ಣ.

ಮುಂದೆ ಅವನು ಸತ್ಯನಾರಾಯಣ ಪೂಜೆಗೆ, ತೊಟ್ಟಿಲ ಕಾರ್ಯಕ್ಕೆ ಮಂಟಪ ಕಟ್ಟಿಕೊಡುವುದನ್ನೂ ಶುರು ಮಾಡಿದ. ಅದಕ್ಕೆ ಉದ್ದುದ್ದ ಬಾಳೆಕಂಬ, ಕಬ್ಬು. ಸಣ್ಣ ಗಾಡಿಯಲ್ಲಿ ಅವು ಹಿಡಿಸುವುದಿಲ್ಲ, ಹಿಂದೆ ಚಾಚಿಕೊಂಡಿರುತ್ತಿದ್ದವು. ಸವದತ್ತಿಯ ಪೇಟೆಯಲ್ಲಿ ಒಂದು ಎಮ್ಮೆ ಗಾಡಿಯ ಬೆನ್ನು ಹತ್ತಿ ಬಂದು ಬಾಳೆಯ ಸುಳಿಯನ್ನೆಲ್ಲ ತಿಂದುಹಾಕಿತು. ಆಗ ನಮ್ಮಣ್ಣನ ತಲೆ ಓಡಿತು. ಪರದೇಶದಲ್ಲಿ ಪಿಕಪ್ ಗಾಡಿಗಳ ಕ್ಯಾಬಿನ್ನಿನ ಹಿಂಗೋಡೆ ಬಾಗಿಲಿನ ಹಾಗೆ ಮಡಚುತ್ತದಂತೆ, ಉದ್ದನೆಯ ಸಾಮಾನು ಹಿಂದಿನಿಂದ ಕ್ಯಾಬಿನ್ನಿನ ಒಳಗೇ ತೂರಿಕೊಂಡು ಬರುತ್ತದಂತೆ. ಫೋನಿನಲ್ಲಿ ಅದರ ವಿಡಿಯೋ ನೋಡಿದ. ನಮಗೂ ತೋರಿಸಿದ, ಓಣಿಯವರಿಗೂ ತೋರಿಸಿದ. ಅದು ತನ್ನದೇ ಶೋಧ ಅನ್ನುವ ಹಾಗೆ ಎರಡು ದಿನ ಮೀಸೆಯ ಮೇಲೆ ಕೈಯಾಡಿಸಿಕೊಂಡು ತಿರುಗಿದ. ತಂಗಿಯ ಕಾಲು ಸುಟ್ಟಾಗ ಕುಂಬಳಕಾಯಿ ಅಲ್ಲದ ಗಾಡಿ, ಬಾಳೆಯ ಸುಳಿ ಹೋದ ಕೂಡಲೇ ಕುಂಬಳಕಾಯಿಯಾಯಿತು.

ವೆಲ್ಡಿಂಗ್ ಅಂಗಡಿಯವನು ಗಾಜು ಕಿತ್ತು, ಅದರ ಕೆಳಗಿನ ಪತ್ರಾ ಕೊಯ್ದು, ಸುತ್ತ ಕಬ್ಬಿಣದ ಚೌಕಟ್ಟು ಕೂಡಿಸಿ, ಕೆಳಕ್ಕೆ ಬೀಳುವ ಒಂದು ಮುಚ್ಚಳ ಮಾಡಿಕೊಟ್ಟ. ಚೆನ್ನಾಗಿಯೇ ಮಾಡಿದ್ದ. ಒಬ್ಬ ಮನುಷ್ಯ ಬಗ್ಗಿಕೊಂಡು ಆ ಕಡೆಯಿಂದ ಈ ಕಡೆಗೆ ದಾಟಬಹುದಿತ್ತು. ಬಾಳೆಯ ನೆಪದಲ್ಲಿಯಾದರೂ ನನಗೆ ಬೇಕಾದದ್ದು ಆಯಿತಲ್ಲ ಎಂದು ನಿಜವಾಗಿಯೂ ಸಂತೋಷಪಟ್ಟೆ. ನನ್ನ ಬುದ್ಧಿಗಿಷ್ಟು! ನಮ್ಮ ಮನೆತನವನ್ನು ಮರೆತಿದ್ದೆ.

ಗಾಡಿ ಅಂಗಳಕ್ಕೆ ಬಂದ ಮೇಲೆ ಅಣ್ಣನಿಗೆ ಹೊಸ ಸಂಶಯ ಹುಟ್ಟಿತು. ಗೋಡೆ ಇದ್ದಾಗ ಮುಂದಿನದು ಬೇರೆ, ಹಿಂದಿನದು ಬೇರೆ. ಈಗ ಕಿಂಡಿ ಬಿದ್ದು ಎರಡೂ ಒಂದೇ ಕೋಣೆಯಾದವು. ಡ್ರೈವರ್ ಕೂತ ಕೋಣೆಯಲ್ಲೇ ಶ್ರಾದ್ಧದ ಅಡುಗೆ ಇದ್ದ ಹಾಗಾಯಿತಲ್ಲ, ಮಡಿ ಉಳಿಯಿತೋ ಹೋಯಿತೋ? ನಮ್ಮ ಓಣಿಯ ಹಿರಿಯ ಶಾಸ್ತ್ರಿಗಳನ್ನು ಕರೆತಂದ. ಅವರು ಕನ್ನಡಕ ಏರಿಸಿ ಕಿಂಡಿಯೊಳಗೆ ತಲೆ ಹಾಕಿದರು. ಮುಚ್ಚಳ ತೆಗೆದರು, ಹಾಕಿದರು. ಎಷ್ಟೋ ಹೊತ್ತು ಯೋಚನೆ ಮಾಡಿದರು. ಆ ಗಂಭೀರ ಮುಖ ನೆನೆದರೆ ಈಗಲೂ ನನಗೆ ನಗು ಬರುತ್ತದೆ, ಬೆನ್ನಿಗೇ ಸಿಟ್ಟು ಬರುತ್ತದೆ.

"ಹೊಸ್ತಿಲು ಇದ್ದರ ಎರಡು ಕೋಣಿ, ಇಲ್ಲದಿದ್ದರ ಒಂದ ಕೋಣಿ," ಎಂದು ತೀರ್ಪು ಕೊಟ್ಟರು. "ಒಂದು ಹೊಸ್ತಿಲು ಹಾಕಸ್ರಿ. ದೋಷ ಇಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪಿಕಪ್ ಗಾಡಿಯ ಕಿಂಡಿಗೆ ಸಾಗವಾನಿಯ ಹೊಸ್ತಿಲು ಬಂತು. ಬಡಿಗ ಅದಕ್ಕೆ ನಡುವೆ ಒಂದು ಕಮಲವನ್ನೂ ಕೆತ್ತಿದ್ದ. ಅಣ್ಣ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿದ, ಹೂ ಏರಿಸಿದ, ಕಾಯಿ ಒಡೆದ. ಮೂಗಿಗಿಂತ ಮೂಗುತಿ ಭಾರ. ಹೊಸ್ತಿಲಿನ ದಪ್ಪಕ್ಕೆ ಕಿಂಡಿ ಗಿಡ್ಡಾಯಿತು; ಮನುಷ್ಯ ಹೇಗೋ ನುಸುಳಬಹುದು, ಬಾಳೆಕಂಬದ ಕಟ್ಟು ಒಳಗೆ ತೂರಲಿಲ್ಲ. ಕಂಬಕ್ಕೆಂದು ಕೊರೆಸಿದ ಕಿಂಡಿಯಲ್ಲಿ ಕಂಬವೇ ಹೋಗಲಿಲ್ಲ! ಹೊಸ್ತಿಲನ್ನು ತೆಗೆಸೋಣವೇ ಎಂದು ಯಾರೂ ಕೇಳಲಿಲ್ಲ. ಪೂಜೆಯಾದ ಹೊಸ್ತಿಲು, ಕೀಳಬಾರದು. ಬಾಳೆಕಂಬಗಳು ಮತ್ತೆ ಹಿಂದಕ್ಕೆ ಚಾಚಿಕೊಂಡವು, ಅವುಗಳ ತುದಿಗೆ ಒಂದು ಕೆಂಪು ಬಟ್ಟೆ ಕಟ್ಟಿದರು.

ಇಷ್ಟಾದರೂ ನನಗೆ ಕಿಂಡಿ ಇತ್ತಲ್ಲ ಅನ್ನುತ್ತೀರಿ. ಅದರ ಚಿಲಕ ಮಾತ್ರ ಕ್ಯಾಬಿನ್ನಿನ ಕಡೆಗಿತ್ತು. ನನ್ನ ಕಡೆಗೂ ಒಂದು ಹಾಕಿಸು ಅಂದೆ.

"ನೀ ಮಡಿಯೊಳಗ ಇರ್ತಿ. ಆ ಮುಚ್ಚಳಾ ಮುಟ್ಟೋ ಕೆಲಸ ನಿನಗ್ಯಾಕ? ಬೇಕಾದ್ರ ಬಡಿ, ನಾವ ತಗೀತೀವಿ," ಅಂದ ಅಣ್ಣ.

ಆ ಮಾತನ್ನು ನಂಬಿ ರಾಮದುರ್ಗದ ಒಂದು ಶ್ರಾದ್ಧಕ್ಕೆ ಹೊರಟೆ. ದಾರಿ ದೂರ. ಯರಗಟ್ಟಿ ಬರುವಷ್ಟರಲ್ಲಿ ಮಳೆ ಹಿಡಿಯಿತು. ಅಡುಗೆ ತೊಯ್ಯಬಾರದೆಂದು ಅಣ್ಣ ಇಳಿದು ತಾಡಪತ್ರಿಯನ್ನು ನಾಲ್ಕೂ ಕಡೆ ಹಗ್ಗ ಹಾಕಿ ಬಿಗಿದ. ಒಳಗೆ ನಾನು, ಬಿಸಿ ಅನ್ನದ ಹಬೆ, ಪಾಯಸದ ಹಬೆ, ಕತ್ತಲೆ. ಮೊದಲು ಬೆವರು ಬಂತು, ಆಮೇಲೆ ಬೆವರೂ ನಿಂತಿತು. ಎದೆ ಹಿಡಿದಂತಾಯಿತು. ಸಾಲಹಳ್ಳಿಯ ಹತ್ತಿರ ಇರಬೇಕು, ನಾನು ಮುಚ್ಚಳ ಬಡಿದೆ. ಕಿಂಡಿಯ ಪುಣ್ಯ, ಈ ಸಲ ಮುಂದಿನ ಮಾತೆಲ್ಲ ನನಗೆ ಸ್ವಚ್ಛವಾಗಿ ಕೇಳುತ್ತಿತ್ತು.

"ಏನವಾ?" ಅಂದ ಅಣ್ಣ.

"ಉಸಿರು ಹಿಡದದ. ತಗೀ."

"ಇನ್ನ ಸ್ವಲ್ಪ ತಡಕೋ. ಅಲ್ಲೆ ಬ್ರಾಹ್ಮಣರು ಕಾಯಲಿಕ್ಕೆ ಹತ್ಯಾರ. ಈಗ ತಗದ್ರ ಮಡಿ ಹೋಗ್ತದ. ರಾಮದುರ್ಗ ಬಂದೇ ಬಿಡ್ತು."

ಮತ್ತೆ ಬಡಿದೆ. ಕೈಯಲ್ಲಿ ಶಕ್ತಿ ಇರಲಿಲ್ಲ. ಇಲ್ಲೇ ಈ ಡಬರಿಗಳ ನಡುವೆ ಸತ್ತುಹೋಗುತ್ತೇನೆ ಅನ್ನಿಸಿತು. ಸತ್ತರೆ ಅಡುಗೆಗೆ ಸೂತಕವಾಗುತ್ತದೆ, ಅಣ್ಣ ಅದಕ್ಕಾದರೂ ಅಳುತ್ತಾನೆ ಎಂದೂ ಅನ್ನಿಸಿತು.

"ರಾಯರ, ಅಕ್ಕಾರ ದನಿ ಬ್ಯಾರೆನ ಬರಾಕ ಹತ್ತೈತ್ರಿ," ಅಂದದ್ದು ಡ್ರೈವರ್.

"ಅಕೀದು ದಿನಾ ಇದ್ದದ್ದ. ನೀ ಹೊಡಿ."

ಗಾಡಿ ನಿಂತಿತು. ಚಿಲಕ ಎಳೆದ ಸದ್ದಾಗಿ ಮುಚ್ಚಳ ಆ ಕಡೆ ಬಿತ್ತು. ಬೆಳಕು, ಗಾಳಿ. ಡ್ರೈವರ್ ಕೈ ಚಾಚಿದ. ಐವತ್ತು ದಾಟಿದ ಹೆಂಗಸು ನಾನು, ಸೀರೆ ಎತ್ತಿ ಕಟ್ಟಿಕೊಂಡು, ಆ ಕಮಲದ ಹೊಸ್ತಿಲನ್ನು ಮೆಟ್ಟಿ, ಅವನ ಕೈ ಹಿಡಿದು ಕ್ಯಾಬಿನ್ನಿಗೆ ಬಿದ್ದೆ. ಅಣ್ಣ ನನ್ನನ್ನು ಎತ್ತಲಿಲ್ಲ. ಮುಟ್ಟಿದರೆ ಉಳಿದ ಮಡಿಯೂ ಹೋದೀತೆಂದು ಬಾಗಿಲಿಗೆ ಒತ್ತಿಕೊಂಡು ಕೂತಿದ್ದ. ಡ್ರೈವರ್ ತನ್ನ ಬಾಟಲಿಯ ನೀರು ಕೊಟ್ಟ. ಬಾಯಿ ಹಚ್ಚಿಯೇ ಕುಡಿದೆ. ಅಂಥ ನೀರು ನಾನು ಹುಟ್ಟಿದಾಗಿನಿಂದ ಕುಡಿದಿರಲಿಲ್ಲ.

ಇಬ್ಬರ ನಡುವೆ ಇರುಕಿಕೊಂಡು ಕೂತು ಹೊರಟೆ. ರಾಮದುರ್ಗ ಕಾಣಿಸುತ್ತಿದ್ದಂತೆ ಅಣ್ಣ ಗಾಡಿ ಬದಿಗೆ ಹಾಕಿಸಿದ. ದನಿ ಬೆಣ್ಣೆಯಾಗಿತ್ತು.

"ಇಲ್ಲೆ ಇಳದು ಹಿಂದ ಹೋಗಿ ಕೂಡು. ಅವರ ಮನಿ ಮುಂದ ಹಿಂದಿನಿಂದ ಇಳದ್ರಾತು. ಯಾರಿಗೂ ಗೊತ್ತಾಗೂದಿಲ್ಲ."

ನನ್ನ ಉಸಿರಿಗಿಂತ ದೊಡ್ಡದಾಗಿದ್ದ ಮಡಿಯ ಕಿಮ್ಮತ್ತು ಇಷ್ಟೇ ಇತ್ತು: ಯಾರಿಗೂ ಗೊತ್ತಾಗದಿದ್ದರೆ ಸಾಕು. ಅವನ ಮುಖ ನೋಡಿದೆ. ಹೇಸಿಗೆಯಾಯಿತು. ಇಳಿಯಲಿಲ್ಲ.

ಶ್ರಾದ್ಧದ ಮನೆಯ ಯಜಮಾನ ಬಾಗಿಲಲ್ಲೇ ನಿಂತಿದ್ದರು. ಹೊತ್ತು ಮೀರಿತ್ತು. ಒಳಗೆ ಬ್ರಾಹ್ಮಣರು ಮಣೆಯ ಮೇಲೆ ಕೂತಿದ್ದು ಕಾಣುತ್ತಿತ್ತು. ನಾನು ಮುಂದಿನ ಬಾಗಿಲಿನಿಂದ ಇಳಿದದ್ದನ್ನು ನೋಡಿ ಅವರು ಗಾಡಿಯ ಹಿಂಭಾಗಕ್ಕೆ ಕಣ್ಣು ಹಾಯಿಸಿದರು.

"ಮಡಿಯವರು ಹಿಂದ ಇದ್ದಾರೇನ್ರಿ?"

ಅಣ್ಣ ಬಾಯಿ ತೆರೆದ. ಅವನು ಏನು ಹೇಳಲಿದ್ದನೋ, ಹಿಂದೆ ಇನ್ನೊಬ್ಬ ತಂಗಿಯನ್ನೇ ಹುಟ್ಟಿಸಲಿದ್ದನೋ ಏನೋ. ನಾನೇ ಹೇಳಿದೆ:

"ಹಿಂದ ಯಾರೂ ಇಲ್ರಿ. ಮಡಿಯಾಕಿ ನಾನ. ಉಸಿರು ಹಿಡೀತು, ಡ್ರೈವರ್ ಕೈ ಹಿಡದು ಮುಂದ ಎಳಕೊಂಡ. ಅವನ ಪಕ್ಕದಾಗ ಕೂತು ಬಂದೀನಿ, ಅವನ ನೀರು ಕುಡದೀನಿ. ಈ ಅಡಿಗಿ ನಿಮಗ ನಡೀತದೋ ಇಲ್ಲೋ ನೀವ ನೋಡ್ರಿ."

ಅಣ್ಣನ ಮುಖ ಬೂದಿಯಾಯಿತು. ಧಂದೆ ಮುಳುಗಿತು ಎಂದುಕೊಂಡಿರಬೇಕು. ನಾನೂ ಹಾಗೆಯೇ ಅಂದುಕೊಂಡೆ. ಯಜಮಾನರು ಒಳಗಿನವರ ಕಡೆ ನೋಡಿದರು. ಆಗ ಮಣೆಯ ಮೇಲಿದ್ದ ಬ್ರಾಹ್ಮಣರಲ್ಲಿ ಹಿರಿಯರು ಅಲ್ಲಿಂದಲೇ ಅಂದರು:

"ಹೊತ್ತು ಭಾಳ ಆಗೇದ. ಗಂಗಾಜಲ ಪ್ರೋಕ್ಷಣ ಮಾಡಿ ತೊಗೊಂಡ ಬರ್ರಿ. ಆಪತ್ಕಾಲಕ್ಕ ದೋಷ ಇಲ್ಲ."

ಒಂದು ತಂಬಿಗೆಯಿಂದ ನಾಲ್ಕು ಹನಿ ಚಿಮುಕಿಸಿದರು. ಅಷ್ಟೇ. ಡಬರಿಗಳು ಒಳಗೆ ಹೋದವು. ಎಲೆ ಬಿದ್ದವು. ಪಾಯಸವನ್ನು ಕೇಳಿ ಕೇಳಿ ಹಾಕಿಸಿಕೊಂಡರು. ನಾನು ಕಟ್ಟೆಯ ಮೇಲೆ ಕೂತು ನೋಡಿದೆ. ನನ್ನ ಪಾದ ಬೆಂದದ್ದು ಆಪತ್ತಲ್ಲ. ಹಬೆಯಲ್ಲಿ ನಾನು ಉಸಿರಿಲ್ಲದೆ ಒದ್ದಾಡಿದ್ದು ಆಪತ್ತಲ್ಲ. ಇವರ ಊಟ ತಡವಾದದ್ದು ಆಪತ್ತು. ಈ ನಾಲ್ಕು ಹನಿ ನೀರಿನ ಸಂಗತಿ ಇವರೆಲ್ಲರಿಗೂ ಮೊದಲಿನಿಂದ ಗೊತ್ತಿತ್ತು, ನನಗೊಬ್ಬಳಿಗೆ ಯಾರೂ ಹೇಳಿರಲಿಲ್ಲ.

ಖಾಲಿ ಡಬರಿಗಳನ್ನು ಹೇರಿ ಹೊರಡುವಾಗ ನಾನು ಮೊದಲೇ ಹೋಗಿ ಮುಂದಿನ ಸೀಟಿನಲ್ಲಿ ಕೂತೆ. ಮಳೆ ಹೋಗಿ ಬಿಸಿಲು ಬಿದ್ದಿತ್ತು. ಅಣ್ಣ ಬಾಗಿಲ ಹತ್ತಿರ ಬಂದು ನಿಂತ.

"ನಾ ಎಲ್ಲೆ ಕೂಡ್ಲಿ?"

"ಹಿಂದ ಮಣಿ ಅದ."

"ನನ್ನ ಮೊಣಕಾಲು..."

ನಾನು ಕೇಳಿಸಿಕೊಳ್ಳಲಿಲ್ಲ. ಡ್ರೈವರ್ ಎದುರಿನ ಗಾಜಿನಲ್ಲಿ ಏನೋ ಇರುವ ಹಾಗೆ ನೆಟ್ಟಗೆ ನೋಡುತ್ತಿದ್ದ. ಅಣ್ಣ ಆ ಓಣಿಯವರು ನೋಡುತ್ತಿದ್ದಾರೆಂದು ನಾಚಿ, ಹಿಂದೆ ಹೋಗಿ ಹತ್ತಿದ. ಊರು ದಾಟಿ ಹೊಲಗಳು ಶುರುವಾದವು. ಕಿಟಕಿಯಿಂದ ಗಾಳಿ ಬರುತ್ತಿತ್ತು. ಜೋಳ ಹಸಿರಾಗಿತ್ತು. ಇದೇ ದಾರಿಯಲ್ಲಿ ಅದೆಷ್ಟು ಸಲ ಓಡಾಡಿದ್ದೆನೋ, ದಾರಿಯನ್ನು ನೋಡಿದ್ದು ಅದೇ ಮೊದಲು.

ಸ್ವಲ್ಪ ದೂರ ಹೋದ ಮೇಲೆ ಮುಚ್ಚಳ ಬಡಿದ ಸದ್ದಾಯಿತು. ಡ್ರೈವರ್ ನನ್ನ ಮುಖ ನೋಡಿದ. ನಾನು ತಡಮಾಡದೆ ಚಿಲಕ ತೆಗೆದೆ. ಕಿಂಡಿಯಲ್ಲಿ ಅಣ್ಣನ ಮುಖ ಬಂತು. ಬೆವರಿಳಿದು ಕೆಂಪಾಗಿತ್ತು, ಕಣ್ಣು ಅಗಲವಾಗಿದ್ದವು.

"ಹಿಂದ ಭಾಳ ಧಗಿ ಅದವಾ," ಅಂದ, ನನಗೆ ಗೊತ್ತಿಲ್ಲದ ಸುದ್ದಿ ಹೇಳುವವನ ಹಾಗೆ.