ದುಮ್ಮವಾಡಕ್ಕೆ ಹೋಗದ ಜೋಳ

ನನ್ನ ಕೆಲಸ ಏನೆಂದು ಶಲವಡಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ‘ಹಡಗ ಓಡಸ್ತಾಳ’ ಎನ್ನುವವರು ಕೆಲವರು, ‘ಗ್ಯಾಸ್ ಏಜೆನ್ಸಿ ತಗೊಂಡಾಳ’ ಎನ್ನುವವರು ಕೆಲವರು. ಓಣಿಯ ಅಜ್ಜಿಯೊಬ್ಬಳು ಸಿಲಿಂಡರ್ ಬರಲಿಲ್ಲವೆಂದು ನಮ್ಮ ಮನೆಗೇ ಬಂದು ಜಗಳ ತೆಗೆದಿದ್ದಳು. ನಾನು ಮಾಡುವುದಿಷ್ಟೇ: ಮಾಳಿಗೆಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಯಾವ ದೇಶದ ಗ್ಯಾಸು ಯಾವ ಹಡಗು ಹತ್ತಿ ಯಾವ ದೇಶಕ್ಕೆ ಯಾವಾಗ ಮುಟ್ಟಬೇಕು ಎಂಬುದನ್ನು ಹೊಂದಿಸುವುದು. ಸಮುದ್ರವನ್ನು ನಾನು ನೋಡಿದ್ದು ಶಾಲೆಯ ಪ್ರವಾಸದಲ್ಲಿ ಕಾರವಾರಕ್ಕೆ ಹೋದಾಗ, ಒಂದೇ ಸಲ.

ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ ಆಗಿದ್ದವರು. ನೌಕರಿಯಿಂದ ನಿವೃತ್ತರಾದರು, ಪ್ರಶ್ನೆ ಕೇಳುವುದರಿಂದ ಆಗಲಿಲ್ಲ. ಗ್ಯಾಸನ್ನು ವಿಪರೀತ ತಣ್ಣಗೆ ಮಾಡಿದರೆ ನೀರಿನಂತಾಗುತ್ತದೆ, ಆರುನೂರು ಪಾಲು ಇದ್ದದ್ದು ಒಂದು ಪಾಲಿಗೆ ಇಳಿಯುತ್ತದೆ ಎಂದಾಗ ಅವರ ಮುಖ ನೋಡಬೇಕಿತ್ತು. ಎಷ್ಟೇ ಜೋಪಾನ ಮಾಡಿದರೂ ದಾರಿಯಲ್ಲಿ ದಿನವೂ ಸ್ವಲ್ಪ ಆವಿಯಾಗುತ್ತದೆ, ಅದನ್ನೇ ಉರಿಸಿಕೊಂಡು ಹಡಗು ಸಾಗುತ್ತದೆ ಎಂದೆ.

“ಅಂದ್ರ ಹೊತ್ತ ಮಾಲನ್ನ ತಿನ್ನಕೋತ ಹೋಗತೈತಿ ಅನ್ನು! ದಾರಿ ಉದ್ದ ಆದಷ್ಟೂ ಲುಕ್ಸಾನು.”

“ಹೌದಪ್ಪಾ. ಅದಕ್ಕ ಒಮ್ಮೊಮ್ಮೆ ಅದಲಾಬದಲಿ ಮಾಡ್ತೀವಿ. ಇಬ್ಬರು ವ್ಯಾಪಾರಸ್ಥರ ಹಡಗ ಎದ್ರಾಬದ್ರ ಹೊಂಟಿದ್ರ, ಇವರ ಗಿರಾಕಿಗೆ ಅವರು ಕೊಡೂದು, ಅವರ ಗಿರಾಕಿಗೆ ಇವರು. ಎರಡೂ ಹಡಗಿಗೆ ದಾರಿ ಉಳೀತು.”

ಅಪ್ಪ ತೊಡೆ ತಟ್ಟಿಕೊಂಡರು. ಎಲ್ಲ ಗ್ಯಾಸೂ ಒಂದೇ ಅಲ್ಲ, ಒಂದೊಂದು ದೇಶದ್ದು ಉರಿದಾಗ ಕೊಡುವ ಕಾವು ಬೇರೆ, ಕೊಡುಕೊಳ್ಳುವ ಲೆಕ್ಕವೂ ಕಾವಿನ ಮೇಲೆಯೇ ಎಂದು ನಾನು ಮುಂದುವರಿಸಿದೆ. ಅವರು ಆಗಲೇ ಚಪ್ಪಲಿ ಮೆಟ್ಟಿ ಹೊರಬಿದ್ದಿದ್ದರು.

ದುಮ್ಮವಾಡದಲ್ಲಿ ಅಪ್ಪನ ಅಕ್ಕ, ನನ್ನ ಸೋದರತ್ತೆ ಇದ್ದಾಳೆ. ಪ್ರತಿವರ್ಷ ರಾಶಿ ಮುಗಿದ ಮೇಲೆ ನಮ್ಮ ಕಪ್ಪುಮಣ್ಣಿನ ಎರಿ ಹೊಲದ ಬಿಳಿಜೋಳ ಅವಳ ಮನೆಗೆ ಹೋಗುತ್ತದೆ, ಅಲ್ಲಿಂದ ಅಕ್ಕಿ ಬರುತ್ತದೆ. ಅಪ್ಪನೇ ಟೆಂಪೋದಲ್ಲಿ ಡ್ರೈವರನ ಬಾಜು ಕೂತು ಚೀಲ ಮುಟ್ಟಿಸಿ, ಉಂಡು, ರಾತ್ರಿ ಇದ್ದು ಬರುವುದು ರೂಢಿ. ಈಗ ಅಪ್ಪನಿಗೆ ಹೊಳೆದದ್ದು ತಮ್ಮ ಹಳೆಯ ಜತೆಗಾರ ಮಾಸ್ತರು. ಅವರ ಮನೆ ದುಮ್ಮವಾಡದ ಹತ್ತಿರದ ಕಲಘಟಗಿಯಲ್ಲಿ, ಹೊಲ ಅಣ್ಣಿಗೇರಿ ಕಡೆ. ತಮ್ಮ ಜೋಳವನ್ನೆಲ್ಲ ಅದಾಗಲೇ ಕಲಘಟಗಿಗೆ ಸಾಗಿಸಿಕೊಂಡಿದ್ದ ಅವರು, ನಮ್ಮೂರ ಹತ್ತಿರದ ನವಲಗುಂದದಲ್ಲಿದ್ದ ಮಗಳಿಗೆ ಅದರಲ್ಲೇ ಎರಡು ಚೀಲ ಮತ್ತೆ ಹೊರಿಸಿ ಕಳಿಸಬೇಕಿತ್ತು. ಫೋನಿನಲ್ಲೇ ಮಾತು ಮುಗಿಯಿತು. ಅವರ ಚೀಲ ಅತ್ತೆಯ ಮನೆಗೆ, ನಮ್ಮ ಚೀಲ ಅವರ ಮಗಳ ಮನೆಗೆ. ಅಕ್ಕಿ ಆಮೇಲೆ ಯಾರಾದರೂ ಬರುವಾಗ ತಂದರಾಯಿತು ಎಂದು ಅಪ್ಪ ತೀರ್ಮಾನಿಸಿದರು. ಅಪ್ಪ ಅವತ್ತು ಬೀಗಿದ್ದೇ ಬೀಗಿದ್ದು. ನನಗೂ ಒಳಗೊಳಗೇ ಹೆಮ್ಮೆಯಾಗಿತ್ತು.

ಕೆಲವು ದಿನಗಳ ಮೇಲೆ ಅತ್ತೆಯ ಫೋನು ಬಂತು.

“ತಮ್ಮಾ, ಖರೇ ಹೇಳು. ಹೊಲಾ ಮಾರಿದಿ ಏನು?”

“ಇಲ್ಲಬೇ ಅಕ್ಕಾ! ಯಾರ ಹೇಳಿದ್ರು ನಿನಗ?”

“ಯಾರ ಯಾಕ ಹೇಳಬೇಕು? ಬಂದ ಜ್ವಾಳಾ ನಮ್ಮ ಹೊಲದ್ದಲ್ಲ.” ಅಷ್ಟೇ ಹೇಳಿ ಇಟ್ಟುಬಿಟ್ಟಳು.

ಅಪ್ಪನ ಮುಖ ಇಳಿದುಹೋಯಿತು. ಅಜ್ಜನ ಆಸ್ತಿ ಹಂಚುವಾಗ ಅತ್ತೆ ತನ್ನ ಪಾಲು ಬಿಟ್ಟು ಸಹಿ ಹಾಕಿದ್ದಳು. ‘ನನಗ ಹೊಲಾ ಬ್ಯಾಡ, ತವರಮನಿ ಒಂದ ಇರಲಿ’ ಎಂದಿದ್ದಳಂತೆ. ಅವಳಿಗೆ ಹೇಳದೆ ಆ ಹೊಲ ಮಾರುವುದೆಂದರೆ ಏನೆಂದು ಅಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ನನ್ನ ತಲೆಯಲ್ಲಿ ಮಾತ್ರ ಬೇರೆ ಹುಳ ಹೊಕ್ಕಿತ್ತು. ಆ ಮಾಸ್ತರದೂ ಎರಿ ಹೊಲ, ಬೀಜವೂ ನಮ್ಮದೇ ತಳಿ. ರೊಟ್ಟಿಯ ಒಂದು ತುಣುಕಿನಲ್ಲಿ ನಾಲಿಗೆ ಹೊಲದ ಗುರುತು ಹಿಡಿಯಿತೆಂದರೆ? ಗ್ಯಾಸಿನ ಕಾವು ಅಳೆಯಲು ನಮಗೆ ಎಷ್ಟೆಲ್ಲ ಯಂತ್ರ ಬೇಕು! ಮರುದಿನವೇ ಅಪ್ಪ ಟೆಂಪೋಕ್ಕೆ ನಮ್ಮ ಜೋಳ ಹೇರಿ ಹೊರಟಾಗ ನಾನೂ ಹತ್ತಿದೆ.

ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಟೆಂಪೋ ನೋಡಿದಳು, ಚೀಲ ನೋಡಿದಳು, ತಮ್ಮನ ಮುಖ ಬಹಳ ಹೊತ್ತು ನೋಡಿದಳು. ಅಪ್ಪ ಹಡಗಿನಿಂದ ಹಿಡಿದು ಮಾಸ್ತರ ಮಗಳವರೆಗೆ ಎಲ್ಲವನ್ನೂ ಹೇಳಿದರು. ನನಗೆ ತಡೆಯಲಾಗಲಿಲ್ಲ. ಒಳಗಿದ್ದ ಚೀಲದಿಂದ ಒಂದು ಹಿಡಿ, ನಮ್ಮ ಚೀಲದಿಂದ ಒಂದು ಹಿಡಿ ತಂದು ಅವಳ ಮುಂದೆ ಹಿಡಿದೆ.

“ಅತ್ತೀ, ಇದರಾಗ ನಮ್ಮದು ಯಾವುದು ಹೇಳು ನೋಡೂಣು. ರುಚೀಲೆ ಗೊತ್ತಾತೋ, ಬಣ್ಣದಾಗ ಗೊತ್ತಾತೋ?”

ಅತ್ತೆ ಎರಡೂ ಕೈ ನೋಡಿದಳು. ಒಂದೊಂದು ಕಾಳು ಬಾಯಿಗೆ ಹಾಕಿಕೊಂಡಳು.

“ನನಗೇನ ತಿಳೀತೈತಿ ಯವ್ವಾ, ಎರಡೂ ಒಂದ ನಮೂನಿ ಅದಾವು.”

“ಮತ್ತ ಫೋನಿನ್ಯಾಗ ನಮ್ಮ ಹೊಲದ್ದಲ್ಲ ಅಂದಿ?”

ಅವಳು ಅಪ್ಪನ ಕಡೆ ತಿರುಗಿದಳು.

“ಹೊಲಾ ಮಾರಿಕೊಂಡಾವರು ಅಕ್ಕನ ಮುಂದ ಮುಖಾ ತೋರಸೂದಿಲ್ಲ ತಮ್ಮಾ. ಈ ವರ್ಷ ಚೀಲಾ ಬಂದೂವು, ನೀ ಬರಲಿಲ್ಲ.”