ಕರ್ಪೂರ ಮರದ ಬೂಟು

ಜಪಾನಿನ ಮತ್ಸುಯೆ ಊರಿನ ಕೋಟೆ ಕಂದಕದ ಪಕ್ಕದಲ್ಲಿರುವ ಹಳೇ ಸಮುರಾಯಿ ಮನೆ ಈಗ ಮ್ಯೂಸಿಯಂ. ಅದರ ಹೊಸ್ತಿಲು ಕಾಯುವವಳು ತೋಕಿಯೆ ಅಜ್ಜಿ. ಬಂದವರು ಚಪ್ಪಲಿ, ಬೂಟು ಬಿಟ್ಟು ಒಳಗೆ ಹೋಗುತ್ತಲೇ ಅವುಗಳ ಮೂತಿಯನ್ನು ಬಾಗಿಲ ಕಡೆ ತಿರುಗಿಸಿಡುತ್ತಿದ್ದಳು. ಹೊರಡುವಾಗ ಸುಮ್ಮನೆ ಕಾಲಿಟ್ಟರಾಯಿತು. ಗಂಡ ತೀರಿಹೋದ ಮೇಲೆ ನಾಲ್ಕು ಜನರ ಮುಖ ಕಂಡು ನಗುತ್ತಿದ್ದುದು ಆ ಹೊಸ್ತಿಲಲ್ಲೇ.

ಆ ವಸಂತದಲ್ಲಿ ಹೊಸ ಕಾಲದ ಶಿಲ್ಪಗಳು ಬಂದಿಳಿದವು. ಚಾಪೆಯ ಕೋಣೆಗೆ ಕಬ್ಬಿಣದ ಮೋಡ, ಅಡಿಗೆಮನೆಗೆ ಗಾಜಿನ ಮೂಲಂಗಿ. ಹೊಸ್ತಿಲ ಕಲ್ಲಿನ ಮೇಲೆ ಕರ್ಪೂರ ಮರದಲ್ಲಿ ಕೆತ್ತಿದ ಮಗುವಿನ ಬೂಟು: ಒಂದರ ಮೂತಿ ಒಳಕ್ಕೆ, ಇನ್ನೊಂದು ಅಡ್ಡಬಿದ್ದಿದೆ. ಸವೆದ ಹಿಮ್ಮಡಿ ಕೂಡ ನಿಜದ್ದೇ ಅನ್ನಬೇಕು, ಹಾಗಿತ್ತು.

ಮಾರನೇ ದಿನ ನೋಡಿದರೆ ಎರಡೂ ಬಾಗಿಲಿಗೆ ಮುಖ ಮಾಡಿ ನೆಟ್ಟಗೆ ನಿಂತಿದ್ದವು. ಮೇಲ್ವಿಚಾರಕ ನಾಗಾವೊ ಮೊದಲಿನಂತೆ ಇಟ್ಟು ಹೋದ. ಮಧ್ಯಾಹ್ನಕ್ಕೆ ಮತ್ತದೇ ಕಥೆ.

“ಅಜ್ಜಿ, ಇನ್ನೊಂದ್ಸಲ ಮುಟ್ಟಿದ್ರೆ ನಿಮ್ಮನ್ನ ಹಿಂದಿನ ಉಗ್ರಾಣದ ಕೆಲಸಕ್ಕೆ ಹಾಕ್ಬೇಕಾಗುತ್ತೆ,” ಅಂದ ನಾಗಾವೊ.

“ನಾನೆಲ್ಲಿ ಮುಟ್ತೀನಿ ನಾಗಾವೊ-ಸಾನ್? ಕೈ ತಾನಾಗೇ ಹೋಗುತ್ತೆ.”

ಉಗ್ರಾಣದಲ್ಲಿ ಮಾತಿಗೆ ಸಿಗುವುದು ಹಲ್ಲಿ ಮಾತ್ರ. ಪ್ರದರ್ಶನ ಶುರುವಾಗುವ ದಿನ ಅಜ್ಜಿ ಎರಡೂ ಕೈಗಳನ್ನು ಅಂಗಿಯ ತೋಳಿನೊಳಗೆ ಸೇರಿಸಿಕೊಂಡು ಕೂತಳು. ಆದರೆ ಊರಿನ ಜನವೆಲ್ಲ ಒಟ್ಟಿಗೇ ನುಗ್ಗಿ ಕಾಲುಡುಗೆಗಳ ರಾಶಿ ಬಿದ್ದಾಗ ಸುಮ್ಮನಿರುವುದು ಹೇಗೆ? ಸರಸರನೆ ಜೋಡಿಸುತ್ತ ಬಂದಳು. ತಲೆಯೆತ್ತಿದರೆ ಎದುರಿಗೆ ಆ ಬೂಟನ್ನು ಕೆತ್ತಿದ ಮಕಾಬೆ. ಅಜ್ಜಿಯ ಕೈಯಲ್ಲಿ ಕರ್ಪೂರ ಮರದ ಬೂಟು, ಮೂತಿ ಹೊರಕ್ಕೆ. ನಾಗಾವೊನ ಮುಖ ಬಿಳಿಚಿಕೊಂಡಿತು.

ಮಕಾಬೆ ಕಲ್ಲಿನ ಪಕ್ಕದಲ್ಲೇ ಮಂಡಿಯೂರಿ ಕೂತಳು. ಚಿಕ್ಕಂದಿನಲ್ಲಿ ಶಾಲೆಯಿಂದ ಬಂದು ಬೂಟು ಒದ್ದು ಒಳಗೆ ಓಡುತ್ತಿದ್ದಳಂತೆ. ಮತ್ತೆ ಆಟಕ್ಕೆ ಹೊರಟಾಗ ಅವು ಬಾಗಿಲಿಗೆ ಮುಖ ಮಾಡಿ ಕಾದಿರುತ್ತಿದ್ದವಂತೆ.

“ಅಮ್ಮ ಯಾವಾಗ ತಿರುಗಿಸ್ತಿದ್ಳೋ, ಒಂದಿನಾನೂ ನೋಡ್ಲಿಲ್ಲ. ಕೆತ್ತಿದ್ಮೇಲೂ ಏನೋ ಬಾಕಿ ಉಳೀತು ಅನ್ನಿಸ್ತಿತ್ತು. ಈಗ ಗೊತ್ತಾಯ್ತು, ಇದಕ್ಕೊಂದು ಕೈ ಬೇಕಿತ್ತು. ದಿನಾ ಬೆಳಿಗ್ಗೆ ನಾಗಾವೊ-ಸಾನ್ ಚೆಲ್ಲಾಪಿಲ್ಲಿ ಇಡ್ಲಿ. ಜನ ಬಂದ್ಮೇಲೆ ನೀವು ತಿರುಗಿಸಿ. ಆಗುತ್ತಾ ಅಜ್ಜಿ?”

ಅಜ್ಜಿ ನಾಗಾವೊನನ್ನು ಮೇಲಿಂದ ಕೆಳಗೆ ನೋಡಿದಳು.

“ನನಗೇನೋ ಆಗುತ್ತೆ. ಇವರಿಗೆ ಸರಿಯಾಗಿ ಚೆಲ್ಲೋಕೆ ಬರಲ್ಲಮ್ಮ. ಅಳತೆ ಹಿಡಿದು ಇಡ್ತಾರೆ. ಮಗು ಹಾಗಾ ಬಿಡುತ್ತೆ?”

ಹೊಸ್ತಿಲ ತುಂಬ ನಗು. ಅಂದಿನಿಂದ ಪ್ರತಿ ಬೆಳಿಗ್ಗೆ ನಾಗಾವೊಗೆ ಅಜ್ಜಿಯ ಪಾಠ: ಇನ್ನೂ ಸ್ವಲ್ಪ ಸೊಟ್ಟಗೆ, ಹಸಿವಾದ ಮಗು ಬಿಟ್ಟ ಹಾಗೆ.